ಬೀದರಿನ ಕಪ್ಪು, ಸಿಂಗಪುರದ ತೇವ

ಕನ್ನಡದಲ್ಲಿ ನಾವು ಪಾತ್ರೆಯನ್ನೂ ಬೆಳಗುತ್ತೇವೆ, ಆರತಿಯನ್ನೂ ಬೆಳಗುತ್ತೇವೆ. ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ತಿಕ್ಕುವುದಕ್ಕೂ ದೇವರ ಮುಂದೆ ದೀಪ ಎತ್ತುವುದಕ್ಕೂ ಒಂದೇ ಮಾತಿರುವ ಭಾಷೆಯಲ್ಲಿ ಹುಟ್ಟಿದವರಿಗೆ ಮಸುಕಾದ ಲೋಹ ಕಂಡರೆ ಕೈ ಸುಮ್ಮನಿರುವುದಿಲ್ಲ. ದೀಪಾವಳಿಗೆ ನಾಲ್ಕು ದಿನ ಇದೆ ಎನ್ನುವಾಗ ಸಿಂಗಪುರದ ಹನ್ನೆರಡನೆಯ ಮಹಡಿಯ ಫ್ಲ್ಯಾಟಿನಲ್ಲೂ ಸಿಂಕಿನ ಪಕ್ಕ ಹಳೆಯ ಪೇಪರು ಹಾಸಿ, ಊರಿನಿಂದ ತಂದ ಸಮೆ, ತಂಬಿಗೆ, ಗಂಟೆ, ಅಜ್ಜಿಯ ಕಾಲದ ಕೊಡಪಾನ ಎಲ್ಲವನ್ನೂ ಸಾಲಾಗಿ ಇಡುತ್ತೇವೆ. ಸಂಜೆಯ ಹೊತ್ತಿಗೆ ಅವು ಹೊಳೆಯುತ್ತವೆ, ನಮ್ಮ ಬೆರಳು ಕಪ್ಪಾಗಿರುತ್ತವೆ. ಮನೆಗೆ ಹಬ್ಬ ಬಂತು ಅನ್ನಿಸುತ್ತದೆ.

ಈ ಅಭ್ಯಾಸದ ಮೇಲೆ ನನಗೆ ತಕರಾರಿಲ್ಲ. ಆದರೆ ಬೆಳಗಬಾರದ ಲೋಹವೂ ಒಂದಿದೆ. ಅದು ನಮ್ಮ ರಾಜ್ಯದ್ದು, ಅದರಲ್ಲೂ ನನ್ನ ಊರಿನದು. ಹೊರದೇಶದ ಕನ್ನಡಿಗರ ಮನೆಗಳಲ್ಲಿ ಮೈಸೂರಿನ ಗಂಧದ ಆನೆ, ಚನ್ನಪಟ್ಟಣದ ಬೊಂಬೆಗಳ ಜೊತೆ ಷೋಕೇಸಿನಲ್ಲಿ ಕೂತಿರುವ ಕರಿಯ ಹೂದಾನಿ, ಕರಿಯ ಡಬ್ಬಿ, ಮೈಮೇಲೆ ಬೆಳ್ಳಿಯ ಬಳ್ಳಿ. ಬಿದರಿ ಸಾಮಾನು. ನೆನಪಿನ ಕಾಣಿಕೆ ಎಂದು ಯಾರೋ ಕೊಟ್ಟಿರುತ್ತಾರೆ. ಕೊಟ್ಟವರು ಅದರ ಬಗ್ಗೆ ಒಂದು ಮಾತೂ ಹೇಳಿರುವುದಿಲ್ಲ.

ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ಲೋಹಶಾಸ್ತ್ರವೂ ನನ್ನ ವಿಷಯವಲ್ಲ, ಕಲೆಯೂ ಅಲ್ಲ. ಆದರೂ ಇಲ್ಲಿಯ ಪರಿಚಯದವರು, ‘ಇವರು ಬೀದರಿನವರು’ ಎಂಬ ಒಂದೇ ಕಾರಣಕ್ಕೆ, ತೆರಿಗೆಯ ಪ್ರಶ್ನೆ ಮುಗಿದ ಮೇಲೆ ಬಿದರಿಯ ಪ್ರಶ್ನೆ ಕೇಳುತ್ತಾರೆ. 2018ರ ದೀಪಾವಳಿಯ ಮಾರನೆಯ ವಾರ ಕಲಬುರಗಿ ಕಡೆಯ ಒಬ್ಬ ತಂಗಿ ಟವೆಲಿನಲ್ಲಿ ಸುತ್ತಿದ ಒಂದು ಹೂದಾನಿ ಹಿಡಿದು ಮನೆಗೆ ಬಂದರು. “ಅಣ್ಣಾ, ನೀವು ನೋಡಿ ಹೇಳ್ರಿ, ಇದಕ್ಕೇನಾಗ್ಯದ?” ಎಂದು ಟೇಬಲ್ಲಿನ ಮೇಲಿಟ್ಟರು. ಮೇಲಿನ ಅರ್ಧ ಕಪ್ಪು. ಕೆಳಗಿನ ಅರ್ಧ ಮಳೆಗಾಲದ ಆಕಾಶದಂತೆ ಬೂದಿ ಬಣ್ಣ. ಕಪ್ಪಿದ್ದಲ್ಲಿ ಬೆಳ್ಳಿಯ ಎಲೆ, ಹೂವು, ಬಳ್ಳಿ ಎದ್ದು ಕಾಣುತ್ತಿತ್ತು. ಬೂದಿಯಾದಲ್ಲಿ ಬಳ್ಳಿಯೇ ಇರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅದರ ಗೆರೆ ಕಣ್ಣಿಗೆ ಬೀಳುತ್ತಿತ್ತು. 1976ರಲ್ಲಿ ಅವರ ತಂದೆ ನಿವೃತ್ತರಾದಾಗ ಕಚೇರಿಯವರು ಕೊಟ್ಟದ್ದು. ತಂದೆ ಈಗಿಲ್ಲ. ಮನೆಯಲ್ಲಿ ಕೆಲಸಕ್ಕಿದ್ದ ಇಂಡೊನೇಷ್ಯಾದ ಹುಡುಗಿ, ಹಿತ್ತಾಳೆ ಸಾಮಾನುಗಳ ಜೊತೆ ಇದಕ್ಕೂ ಲೋಹದ ಪಾಲಿಶ್ ಹಚ್ಚಿ ತಿಕ್ಕಿದ್ದಳು. ಅರ್ಧ ಮುಗಿಯುವಷ್ಟರಲ್ಲಿ ಯಾರೋ ನೋಡಿದ್ದರು. ಆ ಹುಡುಗಿಯ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಮನೆಯವರೆಲ್ಲ ಏನು ಮಾಡುತ್ತಿದ್ದರೋ ಅದನ್ನೇ ಅವಳೂ ಮಾಡಿದ್ದಳು, ಅವರಿಗಿಂತ ಶ್ರದ್ಧೆಯಿಂದ.

ಅಲ್ಲಿ ಆದದ್ದೇನು ಎಂದು ಹೇಳಬೇಕಾದರೆ ಬಿದರಿ ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳಬೇಕು.

ಬಹಮನಿ ಸುಲ್ತಾನ ಒಂದನೆಯ ಅಹ್ಮದ್ ಷಾ 1422ರಲ್ಲಿ ಪಟ್ಟಕ್ಕೆ ಬಂದವನು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಅವನೇ. ಇರಾನಿನಿಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಿ ಆ ಕಾಲದಲ್ಲಿ ಬಂದು ಈ ಕೆಲಸ ಕಲಿಸಿದ ಎಂದು ನಮ್ಮ ಊರಿನ ಕಸುಬುದಾರರು ಹೇಳಿಕೊಂಡು ಬಂದಿದ್ದಾರೆ. ಅದು ಬಾಯಿಂದ ಬಾಯಿಗೆ ಬಂದ ಕಥೆ. ಈಗ ಮ್ಯೂಸಿಯಂಗಳಲ್ಲಿ ಉಳಿದಿರುವ ಹಳೆಯ ಬಿದರಿ ಬಹುಮಟ್ಟಿಗೆ 17ನೆಯ ಶತಮಾನದಿಂದ ಈಚಿನದು. ನನಗೆ ಕಥೆಗಿಂತ ಕೋಟೆಯೊಳಗಿನ ರಂಗೀನ್ ಮಹಲ್ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಬರೀದ್ ಷಾಹಿಗಳ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಅಲ್ಲಿಯ ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿ ಬರೆದಿದ್ದಾರೆ. ಕಪ್ಪಿನ ಮೇಲೆ ಬಿಳಿ ಹೇಗೆ ಕಾಣುತ್ತದೆ ಎಂಬುದನ್ನು ಆ ಊರಿನ ಕಣ್ಣು ಆಗಲೇ ಕಲಿತಿತ್ತು.

ಬಿದರಿಯ ಲೋಹ ಸತು. ಅದಕ್ಕೆ ಸ್ವಲ್ಪ ತಾಮ್ರ. ಈಗಿನವರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎನ್ನುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ವೈದ್ಯ ಬೆಂಜಮಿನ್ ಹೇಯ್ನ್ 19ನೆಯ ಶತಮಾನದ ಆರಂಭದಲ್ಲಿ ಬರೆದಿಟ್ಟ ಪಾಕ ಬೇರೆ: 16 ಔನ್ಸ್ ತಾಮ್ರ, 4 ಔನ್ಸ್ ಸೀಸ, 2 ಔನ್ಸ್ ತವರ ಕರಗಿಸಿ, ಆ ಮಿಶ್ರಣದ ಪ್ರತಿ 3 ಔನ್ಸಿಗೆ 16 ಔನ್ಸ್ ಸತು. ಅಂಕಿ ಕಂಡರೆ ಕೂಡಿಸಿ ನೋಡುವ ಚಟ ನನ್ನದು. ಹೇಯ್ನ್ ಲೆಕ್ಕದಲ್ಲಿ ಸತು ಶೇ. 84, ತಾಮ್ರ ಶೇ. 11ಕ್ಕೆ ಸ್ವಲ್ಪ ಮೇಲೆ. ಈಗಿನವರ ಲೆಕ್ಕದಲ್ಲಿ ತಾಮ್ರ ಶೇ. 6ರ ಹತ್ತಿರ. ಎರಡರಲ್ಲೂ ದೊಡ್ಡ ಪಾಲು ಸತುವಿನದೇ, ಆದರೆ ಇಡೀ ಕಥೆ ನಿಂತಿರುವುದು ಆ ಚಿಕ್ಕ ಪಾಲಿನ ಮೇಲೆ.

ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಗ ಅದು ಬಿಳಿಯ ಲೋಹ. ಮೇಲೆ ಬರೆದ ಗೆರೆ ಕಾಣಲಿ ಎಂದು ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪು ಮಾಡಿಕೊಂಡು, ಚೂಪಾದ ಕಡ್ಡಿಯಲ್ಲಿ ಚಿತ್ರ ಬರೆದು, ಸಣ್ಣ ಉಳಿಗಳಿಂದ ಗೀರು ತೋಡಿ, ಬೆಳ್ಳಿಯ ತಂತಿಯನ್ನೋ ತಗಡನ್ನೋ ಅದರಲ್ಲಿ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಅಂಟು ಇಲ್ಲ, ಬೆಸುಗೆ ಇಲ್ಲ. ಮತ್ತೆ ಇಡೀ ವಸ್ತುವನ್ನು ಉಜ್ಜಿದರೆ ಆ ತಾತ್ಕಾಲಿಕ ಕಪ್ಪು ಹೋಗುತ್ತದೆ. ಬಿಳಿಯ ಸತುವಿನಲ್ಲಿ ಬಿಳಿಯ ಬೆಳ್ಳಿ, ಏನೂ ಕಾಣದು. ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಹಳೆಯ ಗೋಡೆಗಳ ಒಳಗಿನ, ಮಳೆ ಬಿಸಿಲು ಬೀಳದ ಜಾಗದ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ, ಬಿಸಿ ಮಾಡಿದ ವಸ್ತುವಿಗೆ ಸವರುತ್ತಾರೆ. ಕೆಲವೇ ಕ್ಷಣದಲ್ಲಿ ಸತು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿಯುತ್ತದೆ. ತೊಳೆದು, ಒರೆಸಿ, ಎಣ್ಣೆ ಸವರಿದರೆ ಆಯಿತು. 1987ರಲ್ಲಿ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಎಂಬ ವಿಜ್ಞಾನಿಗಳು ಬಿದರಿಯ ತಾಂತ್ರಿಕ ಪರೀಕ್ಷೆಯ ವಿವರ ಪ್ರಕಟಿಸಿದರು. ಈ ಕಪ್ಪಿಗೆ ತಾಮ್ರ ಬೇಕೇ ಬೇಕು. ಬರಿಯ ಸತುವಿಗೆ ಮಣ್ಣು ಸವರಿದರೆ ಈ ಬಣ್ಣ ಬರುವುದಿಲ್ಲ.

ಅಂದರೆ ಆ ಹೂದಾನಿಯ ಕಪ್ಪು ಮಸಿಯಲ್ಲ, ಕಿಲುಬಲ್ಲ, ವರ್ಷಗಳ ಕೊಳೆಯೂ ಅಲ್ಲ. ಅದು ಕಸುಬುದಾರನ ಕೊನೆಯ ಕೆಲಸ, ಕೂದಲೆಳೆಗಿಂತ ತೆಳುವಾದ ಪದರ. ಪಾಲಿಶಿನಲ್ಲಿರುವ ನುಣ್ಣನೆಯ ಪುಡಿ ಆ ಪದರವನ್ನು ಕೆರೆದು ಹಾಕಿತ್ತು. ನನ್ನ ವೃತ್ತಿಯಲ್ಲಿ ಸವಕಳಿ ಎಂದರೆ ಪುಸ್ತಕದಲ್ಲಿ ವರ್ಷಕ್ಕಿಷ್ಟು ಎಂದು ಬರೆಯುವ ಅಂಕಿ. ಇಲ್ಲಿ ಒಂದೇ ಮಧ್ಯಾಹ್ನದ ಸವಕಳಿ ಬಟ್ಟೆಗೆ ಹತ್ತಿತ್ತು.

ಹೀಗೆ ಮಾಡಿದವರಲ್ಲಿ ಆ ಹುಡುಗಿ ಮೊದಲನೆಯವಳಲ್ಲ, ದೊಡ್ಡವರಲ್ಲಿ ದೊಡ್ಡವರೂ ಇದನ್ನೇ ಮಾಡಿದ್ದಾರೆ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಿದರಿಯನ್ನು ಕಂಡು ಬೆರಗಾದ ಅದೇ ಊರಿನಲ್ಲಿ, ಅದಕ್ಕಿಂತ ಸಾವಿರಾರು ವರ್ಷ ಹಳೆಯ ವಸ್ತುಗಳಿಗೆ ಏನಾಯಿತು ನೋಡಿ. ಮೊದಲ ಮಹಾಯುದ್ಧದಲ್ಲಿ ವಿಮಾನದಾಳಿಗೆ ಹೆದರಿ ಬ್ರಿಟಿಷ್ ಮ್ಯೂಸಿಯಂನವರು ತಮ್ಮ ಸಂಗ್ರಹದ ಒಂದು ಭಾಗವನ್ನು ನೆಲದಡಿಯ ಸುರಂಗದಲ್ಲಿ ಬಚ್ಚಿಟ್ಟರು. ಬಾಂಬು ಬೀಳಲಿಲ್ಲ. ತೇವ ಸುಮ್ಮನಿರಲಿಲ್ಲ. ಯುದ್ಧ ಮುಗಿದು ಪೆಟ್ಟಿಗೆ ತೆರೆದರೆ ಕಬ್ಬಿಣಕ್ಕೆ ತುಕ್ಕು, ಕಂಚಿನ ಮೇಲೆ ಹಸಿರು ಬೂಸು, ಕಲ್ಲಿನ ಮೇಲೆ ಉಪ್ಪು. ಅಲೆಕ್ಸಾಂಡರ್ ಸ್ಕಾಟ್ ಎಂಬ ರಸಾಯನ ವಿಜ್ಞಾನಿಯನ್ನು ಕರೆಸಿದರು. 1920ರಲ್ಲಿ ಅಲ್ಲಿ ಪ್ರಯೋಗಾಲಯ ಶುರುವಾಯಿತು. ಹಳೆಯ ವಸ್ತುವನ್ನು ತೊಳೆಯುವುದು ಜವಾನರ ಕೆಲಸವಲ್ಲ, ಅದರ ಹಿಂದೆ ವಿಜ್ಞಾನ ಬೇಕು ಎಂಬ ಮಾತು ಗಟ್ಟಿಯಾದದ್ದು ಅಲ್ಲಿಂದ. ನಮ್ಮಲ್ಲೂ ಬಹಳ ತಡವಾಗಲಿಲ್ಲ. 1930ರಲ್ಲಿ ಮದರಾಸಿನ ಸರ್ಕಾರಿ ಮ್ಯೂಸಿಯಂ ತನ್ನದೇ ರಾಸಾಯನಿಕ ಪ್ರಯೋಗಾಲಯ ತೆರೆಯಿತು; ಎಸ್. ಪರಮಶಿವನ್ ಅಲ್ಲಿ ಕುಳಿತು ಕಿಲುಬು ತಿನ್ನುತ್ತಿದ್ದ ಕಂಚಿನ ವಿಗ್ರಹಗಳನ್ನು ವಿದ್ಯುತ್ ಹಾಯಿಸಿ ಉಳಿಸುವ ವಿಧಾನದ ಮೇಲೆ ಕೆಲಸ ಮಾಡಿದರು.

ಪ್ರಯೋಗಾಲಯ ಇದ್ದರೂ ಬುದ್ಧಿ ಬಂತು ಎಂದಲ್ಲ. ಅದೇ ಬ್ರಿಟಿಷ್ ಮ್ಯೂಸಿಯಂನಲ್ಲಿ, 1937–38ರಲ್ಲಿ, ಅಥೆನ್ಸಿನ ಪಾರ್ಥೆನಾನ್ ಶಿಲ್ಪಗಳಿಗೆ ಹೊಸ ಗ್ಯಾಲರಿ ಕಟ್ಟಿಸಲು ಲಾರ್ಡ್ ಡುವೀನ್ ದುಡ್ಡು ಕೊಟ್ಟಿದ್ದ. ಅಮೃತಶಿಲೆ ಎಂದರೆ ಬೆಳ್ಳಗಿರಬೇಕು ಎಂಬುದು ಅವನ ನಂಬಿಕೆ. ಕೆಲಸಗಾರರು ತಾಮ್ರದ ಉಪಕರಣಗಳಿಂದಲೂ ಕಾರ್ಬೊರಂಡಮ್ ಕಲ್ಲಿನಿಂದಲೂ ಕೆಲವು ಶಿಲ್ಪಗಳ ಜೇನುಬಣ್ಣದ ಹಳೆಯ ಮೈಯನ್ನು ಉಜ್ಜಿ ತೆಗೆದರು. ಯಾರೂ ದ್ವೇಷದಿಂದ ಮಾಡಲಿಲ್ಲ. ಚೆನ್ನಾಗಿ ಕಾಣಲಿ ಎಂದೇ ಮಾಡಿದರು. ನಾನು ಆ ತಂಗಿಗೆ ಈ ಕಥೆ ಹೇಳಿ, ಮನೆಯ ಹುಡುಗಿಗೂ ಹೇಳಿ ಎಂದೆ. ಪಾಪ, ಅವಳು ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲವಂತೆ.

ಸಿಂಗಪುರದಲ್ಲಿ ಇನ್ನೊಂದು ವೈರಿ ಇದೆ, ಅದು ತಿಕ್ಕುವ ಕೈಗಿಂತ ನಿಧಾನ. ಇಲ್ಲಿಯ ಗಾಳಿಯಲ್ಲಿ ತೇವ ವರ್ಷವಿಡೀ ಸರಾಸರಿ ಶೇ. 80ಕ್ಕಿಂತ ಮೇಲೆ. ಲೋಹಕ್ಕೆ ಹಿತವಾದದ್ದು ಶೇ. 50ಕ್ಕಿಂತ ಕೆಳಗೆ. ಬೀದರಿನ ಒಣ ಹವೆಯಲ್ಲಿ ಐವತ್ತು ವರ್ಷ ಮಿಸುಕದೆ ಕೂತ ವಸ್ತು ಇಲ್ಲಿಗೆ ಬಂದ ಮೇಲೆ, ಕಪ್ಪಿನ ನಡುವೆ ಅಲ್ಲಲ್ಲಿ ಹಿಟ್ಟಿನಂಥ ಬಿಳಿ ಪುಡಿ ಏಳಬಹುದು. ಅದು ಸತುವಿನ ತುಕ್ಕು. ನಾವು ಅದನ್ನು ಧೂಳು ಎಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ನೀರು ಕೊಟ್ಟರೆ ಅದಕ್ಕೆ ಊಟ ಬಡಿಸಿದಂತೆ. ಸಾಮಾನು ಎಲ್ಲಿಡುತ್ತೇವೆ ಎನ್ನುವುದೂ ಮುಖ್ಯ. 1990ರ ದಶಕದ ಕೊನೆಯಿಂದ ಕಟ್ಟಿದ ಇಲ್ಲಿಯ ಹೊಸ ಮನೆಗಳಲ್ಲಿ ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲಿನ ಒಂದು ಸಣ್ಣ ಕೋಣೆ ಇರುತ್ತದೆ. ಯುದ್ಧ ಬಂದರೆ ಅಡಗಲು. ಯುದ್ಧ ಬರದ ಕಾರಣ ಅದರಲ್ಲಿ ಸೂಟ್‌ಕೇಸು, ಅಕ್ಕಿ ಚೀಲ, ಹಳೆಯ ಬ್ಯಾಲೆನ್ಸ್ ಶೀಟುಗಳು, ಮತ್ತು ‘ಜೋಪಾನವಾಗಿರಲಿ’ ಎಂದು ಒಳಗೆ ತಳ್ಳಿದ ಊರಿನ ಪೆಟ್ಟಿಗೆ. ಗಾಳಿಯಾಡದ ಆ ಕೋಣೆಯ ಬಾಗಿಲು ತೆರೆದಾಗ ಬರುವ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ಲಂಡನ್ನಿನ ಸುರಂಗ ನೆನಪಾಗಬೇಕು. ಷೋಕೇಸೇ ಮೇಲು. ಅದೂ ಹೊಸ ಪ್ಲೈವುಡ್ಡಿನದಾದರೆ ಕೆಲವು ದಿನ ಬಾಗಿಲು ತೆರೆದಿಟ್ಟು ವಾಸನೆ ಹೋಗಲು ಬಿಡಿ. ಅದರಿಂದ ಬರುವ ಆಮ್ಲದ ಆವಿ ಸತುವಿಗೂ ಸೀಸಕ್ಕೂ ಒಳ್ಳೆಯದಲ್ಲ. ಷೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನನ್ನ ಹೆಂಡತಿ ಎಸೆಯುವುದಿಲ್ಲ, ಷೋಕೇಸಿನ ಮೂಲೆಗೆ ಸೇರಿಸುತ್ತಾಳೆ. ಬೆಳ್ಳಿಯಿರುವ ವಸ್ತುವಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬಾರದು. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯ ಮೇಲೆ ತನ್ನದೇ ಗೆರೆ ಎಳೆಯುತ್ತದೆ.

ಅಡುಗೆಮನೆಯ ಉಪಾಯಗಳೂ ಇವೆ. ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ ಬೆಳ್ಳಿಯನ್ನು ಮುಳುಗಿಸಿದರೆ ಕಪ್ಪು ಮಾಯವಾಗುವುದು ನಿಜ. ಬೆಳ್ಳಿಯ ಮೇಲಿನ ಗಂಧಕ ಅಲ್ಯೂಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಬರಿಯ ಬೆಳ್ಳಿ ಚಮಚಕ್ಕೆ ಸರಿ. ಬಿದರಿಯನ್ನು ಅದರಲ್ಲಿ ಮುಳುಗಿಸಬೇಡಿ, ಸತುವಿಗೆ ಹುಳಿಯೂ ಆಗದು, ಕ್ಷಾರವೂ ಆಗದು. ನಿಂಬೆ, ಹುಣಸೆ, ಟೂತ್‌ಪೇಸ್ಟ್ ಯಾವುದೂ ಬೇಡ. ಒಣಗಿದ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಎಣ್ಣೆಯ ವಿಷಯದಲ್ಲಿ ಎರಡು ಮತ: ನಮ್ಮ ಊರಿನವರು ಒಂದು ಹನಿ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಸವರಿ ಒರೆಸುತ್ತಾರೆ, ಕಪ್ಪು ಮಿಂಚುತ್ತದೆ. ಮ್ಯೂಸಿಯಂನವರು, ಎಣ್ಣೆಗೆ ಧೂಳು ಹಿಡಿಯುತ್ತದೆ, ತೆಳುವಾಗಿ ಮೇಣ ಹಚ್ಚಿ ಎನ್ನುತ್ತಾರೆ. ದಿನಾ ಮುಟ್ಟುವ ಮನೆಯಲ್ಲಿ ಎಣ್ಣೆ, ಬಾಗಿಲು ಹಾಕಿದ ಗಾಜಿನ ಕಪಾಟಿಗೆ ಮೇಣ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೇನೆ. ಪ್ರಯೋಗಾಲಯ ಒಪ್ಪುತ್ತದೋ ಇಲ್ಲವೋ, ಹತ್ತು ವರ್ಷದಿಂದ ನನ್ನ ಮನೆಯ ಡಬ್ಬಿಗಳು ಒಪ್ಪಿವೆ.

ಇಷ್ಟು ಹೇಳಿದ ಮೇಲೆ ದೇವರ ಕೋಣೆಯಿಂದ ಪ್ರಶ್ನೆ ಬಂದೇ ಬರುತ್ತದೆ. ಮುತ್ತಜ್ಜಿ ಪೂಜಿಸಿದ ಪಂಚಲೋಹದ ಬಾಲಕೃಷ್ಣನಿಗೆ ಈಗ ಮೂಗಿಲ್ಲ, ಕಣ್ಣು ಎರಡು ತಗ್ಗು. ನಾಲ್ಕು ತಲೆಮಾರಿನ ಹುಣಸೆಹಣ್ಣು ಅವನ್ನು ತಿಂದಿದೆ. ಇನ್ನು ತಿಕ್ಕಬೇಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅಭಿಷೇಕವಾಗದೆ ಗಾಜಿನ ಹಿಂದೆ ಕೂರುವುದಕ್ಕೆ ಆ ಕೃಷ್ಣ ಬಂದದ್ದಲ್ಲ. ಅವನು ಸವೆದದ್ದು ಪೂಜೆಯಿಂದ. ಹುಳಿ ಕಡಿಮೆ ಮಾಡಿ, ವಾರಕ್ಕೊಮ್ಮೆ ತಿಕ್ಕುವುದನ್ನು ಹಬ್ಬಕ್ಕೊಮ್ಮೆ ಮಾಡಿ, ಉಳಿದ ದಿನ ನೀರು ಮತ್ತು ಬಟ್ಟೆ ಸಾಕು ಎಂದಷ್ಟೇ ಹೇಳುತ್ತೇನೆ. ಹಿತ್ತಾಳೆಯನ್ನು ಹುಳಿಯಲ್ಲಿ ರಾತ್ರಿಯಿಡೀ ನೆನೆಸಿದರೆ ಬೆಳಿಗ್ಗೆ ಕಾಣುವ ಕೆಂಪು ಛಾಯೆ ಹೊಳಪಲ್ಲ, ಮೇಲಿನ ಸತು ಕರಗಿ ಉಳಿದ ತಾಮ್ರ.

ನಮ್ಮ ಮನೆಯ ಹಳೆಯ ಬಿದರಿ, ಅಜ್ಜನ ಪಾನ್‌ದಾನ್, ಇಲ್ಲಿಲ್ಲ. ನಿಜಾಮರ ಕಾಲದಲ್ಲಿ ಬೀದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಜ್ಜನಿಗೆ ಅದು ಅವರ ತಂದೆಯಿಂದ ಬಂದದ್ದು; ನೂರು ವರ್ಷ ದಾಟಿರುವುದರಲ್ಲಿ ನಮಗ್ಯಾರಿಗೂ ಅನುಮಾನವಿಲ್ಲ. ಭಾರತದ 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷವಾದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಅಜ್ಜನದೇ ಆಗಿರಲಿ. ಗೆಳೆಯರು ಕೆಲವರು ಬಟ್ಟೆಯ ನಡುವೆ ಇಟ್ಟು ತರಬಹುದಿತ್ತಲ್ಲ ಎಂದರು. ಬೇರೆಯವರ ಲೆಕ್ಕ ತಪಾಸಣೆ ಮಾಡಿ ಅನ್ನ ತಿನ್ನುವವನು ನಾನು, ಆ ಮಾತು ಅಲ್ಲಿಗೇ ನಿಂತಿತು. ಅದು ಬೀದರಿನಲ್ಲಿ ಅಣ್ಣನ ಮನೆಯಲ್ಲಿದೆ, ಒಳಗೆ ಇನ್ನೂ ಅಡಿಕೆಯ ವಾಸನೆ ಇದೆ.

ಹೂದಾನಿಗೆ ಆ ತೊಡಕಿರಲಿಲ್ಲ. ನಿವೃತ್ತಿಯ ದಿನದ ಫೋಟೋದಲ್ಲಿ ಅದು ಹೊಸದಾಗಿ ಮೇಜಿನ ಮೇಲಿತ್ತು. 2019ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಫೋಟೋದ ಪ್ರತಿಯ ಜೊತೆ ಅದನ್ನೂ ಒಯ್ದೆ. ಚೌಬಾರದ ಹತ್ತಿರದ ಒಂದು ಓಣಿಯಲ್ಲಿ ವಯಸ್ಸಾದ ಒಬ್ಬ ಕಸುಬುದಾರರು ಅದನ್ನು ಮಗ್ಗುಲು ತಿರುಗಿಸಿ, ಹೆಬ್ಬೆರಳಿನ ಉಗುರನ್ನು ಬೆಳ್ಳಿಯ ತಂತಿಯ ಮೇಲೆ ಎಳೆದು ನೋಡಿದರು. “ತಾರ್ ಗಟ್ಟಿ ಅದ. ಕಪ್ಪು ಬರ್ತದ. ಆದ್ರ ಅರ್ಧಕ್ಕಷ್ಟೇ ಹಚ್ಚಿದ್ರ ಎರಡು ಬಣ್ಣ ಕಾಣ್ತದ, ಪೂರ್ತಿ ಉಜ್ಜಿ ಹೊಸಾದು ಮಾಡಬೇಕು” ಎಂದರು. ಪೂರ್ತಿ ಉಜ್ಜುವುದು ಎಂದರೆ, ಯಾರೂ ಮುಟ್ಟದೆ ಉಳಿದಿದ್ದ ಮೇಲಿನ ಅರ್ಧದ 1976ರ ಕಪ್ಪನ್ನೂ ತೆಗೆಯುವುದು. ಸಿಂಗಪುರಕ್ಕೆ ಫೋನ್ ಮಾಡಿದೆ. ಆ ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮ್ಯಾಲಿಂದು ಅಪ್ಪ ಮುಟ್ಟಿದ್ದು ಅಣ್ಣಾ. ಅದನ್ನ ಬಿಡ್ಲಿ. ಎರಡು ಬಣ್ಣ ಕಂಡ್ರ ಕಾಣ್ಲಿ” ಎಂದರು.

ಕಸುಬುದಾರರಿಗೆ ಈ ತೀರ್ಮಾನ ಹಿಡಿಸಲಿಲ್ಲ. ಕೆಲಸ ಅರೆಬರೆ ಕಾಣುತ್ತದೆ, ನೋಡಿದವರು ನಮ್ಮನ್ನು ಆಡಿಕೊಳ್ಳುತ್ತಾರೆ ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಅವರಿಗೆ ಅದು ಸ್ಮಾರಕವಲ್ಲ, ಬಿದರಿ. ಆದರೂ ಮಾಡಿದರು. ಕೆಲಸದ ನಡುವೆ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡಿ, ತಲೆಯಾಡಿಸಿ, ಇನ್ನೊಂದು ಡಬ್ಬಿಯ ಮಣ್ಣು ತರಿಸಿದರು. ನನಗೂ ಸ್ವಲ್ಪ ಕೊಡಿ, ಸಿಂಗಪುರದಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ. ಕೊಡಲಿಲ್ಲ. ಕೋಟೆ ಈಗ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಒಳ್ಳೆಯ ಮಣ್ಣು ಇರುವ ಜಾಗ ಕಡಿಮೆ, ಕಸುಬಿಗೇ ಸಾಲದು ಎಂದರು. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಸಂಭ್ರಮಿಸಿತು. ನನಗೆ ಆಗಲೂ ಆ ಎರಡು ಡಬ್ಬಿ ಮಣ್ಣೇ ನೆನಪಾಯಿತು.

ಹೊಸ ಕಪ್ಪು ಹಳೆಯದಕ್ಕಿಂತ ಗಾಢವಾಗಿತ್ತು. ಹೂದಾನಿಯ ಸೊಂಟದ ಬಳಿ ಒಂದು ಗೆರೆ ಉಳಿಯಿತು, ಹುಡುಕಿದರೆ ಕಾಣುತ್ತದೆ. ಮ್ಯೂಸಿಯಂಗಳಲ್ಲಿ ಯಾವ ವಸ್ತುವಿಗೆ ಯಾವಾಗ ಏನು ಮಾಡಿದೆವು ಎಂದು ದಾಖಲೆ ಇಡುತ್ತಾರೆ; ನಮ್ಮ ಮನೆಗಳಲ್ಲಿ ಕಾರಿನ ಸರ್ವಿಸ್ ಪುಸ್ತಕಕ್ಕಿರುವ ಮರ್ಯಾದೆ ಅಜ್ಜಿಯ ಸಾಮಾನಿಗಿಲ್ಲ. ನಾನು ಒತ್ತಾಯಿಸಿ ಒಂದು ಚೀಟಿ ಬರೆಸಿದೆ. ಫೋಟೋದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಅದು ಷೋಕೇಸಿನ ಕೆಳಗಿನ ಖಾನೆಯಲ್ಲಿದೆ. ಅಕ್ಷರ ಅವರ ಮಗಳದು, ಕನ್ನಡ ಕಲಿಯುತ್ತಿರುವವಳು: ‘ಬಿದರಿ ಹೂದಾನಿ. ಅಜ್ಜನಿಗೆ 1976ರಲ್ಲಿ ಕೊಟ್ಟದ್ದು. 2018ರಲ್ಲಿ ಕೆಳಗಿನ ಅರ್ಧ ಪಾಲಿಶ್ ಆಯಿತು. 2019ರಲ್ಲಿ ಬೀದರಿನಲ್ಲಿ ಮತ್ತೆ ಕಪ್ಪು ಮಾಡಿಸಿದ್ದು. ಮೇಲಿನ ಅರ್ಧ ಹಳೆಯದೇ. ಒಣ ಬಟ್ಟೆ ಮಾತ್ರ. ತಿಕ್ಕಬಾರದು.’